ಹಿಂಬಾಗಿಲ ಮೆಟ್ಟಿಲಿನ ಆರ್ಡಿಸ್ ಚಿಕ್ಕಮ್ಮ

ನಮ್ಮ ಕಾಲೇಜಿನ ವ್ಯಾನನ್ನು ಹತ್ತೊಂಬತ್ತು ವರ್ಷ ಓಡಿಸಿದವಳು ಆರ್ಡಿಸ್ ಬೆಲಾಂಜರ್. ಅಮೆರಿಕದ ಉತ್ತರ ಮಿನ್ನೆಸೋಟದಲ್ಲಿ ನಮ್ಮ ಓಜಿಬ್ವೆ ಮೂಲನಿವಾಸಿ ಜನರ ಮೀಸಲು ನೆಲವೆಂದರೆ ಮೂರು ಊರು, ಎಣಿಕೆಗೆ ಸಿಗದಷ್ಟು ಸರೋವರ, ಅವುಗಳನ್ನು ಬಳಸಿಕೊಂಡು ಹೋಗುವ ಒಂದೇ ಒಂದು ರಸ್ತೆ. ಬೆಳಿಗ್ಗೆ ಆರೂವರೆಗೆ ಆರ್ಡಿಸ್ ಆ ರಸ್ತೆಯ ತುದಿಯಿಂದ ಹೊರಡುತ್ತಿದ್ದಳು. ಓದುವವರ ಮನೆಮುಂದೆಲ್ಲ ನಿಲ್ಲಿಸಿ ಹಾರನ್ ಒತ್ತುವಳು. ಹಾರನ್‌ಗೆ ಏಳದವರ ಕಿಟಕಿ ಬಡಿದು, "ಏಳೋ, ನಿನ್ನ ಬೀಜಗಣಿತ ಬಾಗಿಲಲ್ಲಿ ಬಂದು ನಿಂತಿದೆ" ಎನ್ನುವಳು. ಮಗುವನ್ನು ಬಿಟ್ಟು ಬರಲಾಗದ ತಾಯಂದಿರಿದ್ದರೆ ಮಗುವನ್ನೂ ಹತ್ತಿಸಿಕೊಳ್ಳುವಳು. ಎಂಟೂವರೆಗೆ ಎಲ್ಲರನ್ನೂ ಕಾಲೇಜಿನ ಹಿಂಬಾಗಿಲಲ್ಲಿ ಇಳಿಸಿ, ಅಲ್ಲೇ ಮೆಟ್ಟಿಲ ಮೇಲೆ ಕೂತು ಸಿಗರೇಟು ಹಚ್ಚುವಳು.

ಆ ಮೆಟ್ಟಿಲು ನನಗೆ ಚೆನ್ನಾಗಿ ಗೊತ್ತು. ನಾನು ಕೆಲಸ ಮಾಡುವ ಗ್ರಂಥಾಲಯದ ಕಿಟಕಿ ಅದರ ನೆತ್ತಿಯ ಮೇಲೇ ಇದೆ. ಕಿಟಕಿ ತೆರೆದರೆ ಹೊಗೆ ಒಳಗೆ ಬರುತ್ತಿತ್ತು, ನಗುವೂ ಬರುತ್ತಿತ್ತು. ಕಟ್ಟಡದ ರಿಪೇರಿ ನೋಡಿಕೊಳ್ಳುವ ಲಿರಾಯ್ ಡ್ರಿಫ್ಟ್ ಸೊಂಟದ ಬೀಗದಕೈ ಗೊಂಚಲು ಝಣಗುಡಿಸುತ್ತ ಬಂದು ಆರ್ಡಿಸಳ ಪಕ್ಕ ಕೂರುವನು. ಅವರಿಬ್ಬರ ಸುತ್ತ ಹತ್ತು ಹನ್ನೆರಡು ವಿದ್ಯಾರ್ಥಿಗಳು. ಯಾರಿಗೆ ಎಲ್ಲಿ ಕೆಲಸ ಖಾಲಿ ಇದೆ, ಯಾರ ಅಜ್ಜಿ ಆಸ್ಪತ್ರೆಯಿಂದ ಮನೆಗೆ ಬಂದಳು, ಯಾರ ಗಂಡ ಮತ್ತೆ ಮನೆ ಬಿಟ್ಟು ಹೋದ, ಎಲ್ಲ ಸುದ್ದಿಯೂ ಮೊದಲು ಅಲ್ಲಿ ಗೊತ್ತಾಗುತ್ತಿತ್ತು. ನೆಂಟಸ್ತಿಕೆ ಇರಲಿ ಬಿಡಲಿ, ಎಲ್ಲರಿಗೂ ಅವಳು ಆರ್ಡಿಸ್ ಚಿಕ್ಕಮ್ಮ.

ನಿಜವಾಗಿ ಅವಳನ್ನು ಚಿಕ್ಕಮ್ಮ ಎನ್ನಬೇಕಾದವಳು ಒಬ್ಬಳೇ: ಅವಳ ಅಕ್ಕನ ಮಗಳು ರೋಸ್ಲಿನ್. ಅವಳು ನಮ್ಮ ಕಾಲೇಜಿನ ಮುಖ್ಯಸ್ಥೆ. ಆ ವರ್ಷ ಫೆಬ್ರವರಿಯಲ್ಲಿ, ಮೊಣಕಾಲುದ್ದ ಹಿಮ ಬಿದ್ದಿದ್ದ ಒಂದು ಬೆಳಿಗ್ಗೆ, ರೋಸ್ಲಿನ್ ಕೋಟನ್ನೂ ಹಾಕಿಕೊಳ್ಳದೆ ಹಿಂಬಾಗಿಲಿಗೆ ಬಂದಳು. ಕೈಯಲ್ಲಿ ಕೆಂಪು ಬಟ್ಟೆಯ ಪುಟ್ಟ ಗಂಟು. ಚಿಕ್ಕಮ್ಮನ ಮುಂದೆ ಹಿಡಿದಳು. ಆರ್ಡಿಸ್ ಏನು ಎತ್ತ ಎಂದು ಕೇಳದೆ ಕೈಚಾಚಿ ತೆಗೆದುಕೊಂಡುಬಿಟ್ಟಳು.

ಹಿರಿಯರಿಂದ ಏನಾದರೂ ದೊಡ್ಡ ಕೆಲಸ ಆಗಬೇಕಾದರೆ ನಾವು ಮೊದಲು ಅವರ ಕೈಗೆ ಹೊಗೆಸೊಪ್ಪು ಕೊಡುತ್ತೇವೆ. ನಮ್ಮ ಮಾತಿನಲ್ಲಿ ಅದು ಅಸೆಮಾ. ತೆಗೆದುಕೊಂಡವರು ಆಮೇಲೆ ಆಗಲ್ಲ ಎನ್ನುವ ಹಾಗಿಲ್ಲ.

"ಕೇಳು, ಏನು ಬೇಕು?" ಎಂದಳು ಆರ್ಡಿಸ್. "ಇನ್ನೊಂದು ಮದುವೆ ಆಗು ಅಂತ ಮಾತ್ರ ಕೇಳಬೇಡ."

"ಕಾಲೇಜಿನ ಕಾಂಪೌಂಡೊಳಗೆ ಯಾರೂ ಸಿಗರೇಟು ಸೇದಬಾರದು ಅಂತ ಮಾಡ್ತಿದೀವಿ ಚಿಕ್ಕಮ್ಮ. ಆ ಕೆಲಸಕ್ಕೆ ನೀನು ಮುಂದೆ ನಿಲ್ಲಬೇಕು."

ಲಿರಾಯ್ ನಗು ತಡೆಯಲಾಗದೆ ಹೊಗೆ ನೆತ್ತಿಗೇರಿಸಿಕೊಂಡು ಕೆಮ್ಮತೊಡಗಿದ. ಆರ್ಡಿಸ್ ತನ್ನ ಬೆರಳ ನಡುವೆ ಉರಿಯುತ್ತಿದ್ದ ಸಿಗರೇಟು ನೋಡಿದಳು, ಇನ್ನೊಂದು ಕೈಯ ಗಂಟು ನೋಡಿದಳು.

"ಲೇ, ನಾನು ಹದಿನಾರನೇ ವಯಸ್ಸಿಂದ ಸೇದ್ತಿದೀನಿ. ಈಗ ಅರವತ್ತೊಂದು. ಬೇರೆ ಯಾರೂ ಸಿಗಲಿಲ್ವಾ ನಿನಗೆ?"

"ಸೇದದೇ ಇರೋರು ಹೇಳಿದ್ರೆ ಯಾರು ಕೇಳ್ತಾರೆ? ನೀನು ಬೈದ್ರೆ ಇಡೀ ವ್ಯಾನೇ ಕೇಳತ್ತೆ."

"ಮೋಸಗಾತಿ. ನಿಮ್ಮಮ್ಮನೂ ಹೀಗೇ ಇದ್ದಳು" ಎಂದು ಆರ್ಡಿಸ್ ಗಂಟನ್ನು ಮೂಗಿನ ಹತ್ತಿರ ಹಿಡಿದಳು. "ಇದು ಪೆಟ್ರೋಲ್ ಬಂಕಿನ ಅಂಗಡಿಯದ್ದಲ್ವೇನೇ?"

"ಇನ್ನೆಲ್ಲಿ ಸಿಗತ್ತೆ ಚಿಕ್ಕಮ್ಮ, ಈಗ ಬೆಳೆಯೋರು ಯಾರಿದ್ದಾರೆ?" ಎಂದು ರೋಸ್ಲಿನ್ ಚಳಿಗೆ ನಡುಗುತ್ತ ಒಳಗೆ ಓಡಿದಳು.

ಹೀಗೆ ಸಿಗರೇಟು ಸೇದುತ್ತಲೇ ಆರ್ಡಿಸ್ ಸಿಗರೇಟು ಬಿಡಿಸುವ ಸಮಿತಿಯ ಮುಂದಾಳಾದಳು. ಮೊದಲ ಸಭೆಯ ನಡುವೆ ಎರಡು ಸಲ ಎದ್ದು ಹೊರಗೆ ಹೋಗಿ ಸೇದಿ ಬಂದಳು.

ಮಾರ್ಚ್ ಕೊನೆಗೆ ಬೋರ್ಡುಗಳು ಬಂದವು. ರೋಸ್ಲಿನ್ ಯಾವುದೋ ಪುಸ್ತಕದಲ್ಲಿ ನೋಡಿ ಆರಿಸಿ ನಗರದಿಂದ ತರಿಸಿದ ತಗಡಿನ ಬೋರ್ಡುಗಳು, ಒಟ್ಟು ಹನ್ನೆರಡು. ಲಿರಾಯ್ ಬೆಳಿಗ್ಗೆಯೇ ಎಲ್ಲ ನೆಟ್ಟ. ಬೋರ್ಡಿನಲ್ಲಿ ಕೆಂಪು ಸುತ್ತಿನೊಳಗೆ ಒಂದು ಹಸಿರು ಎಲೆ, ಆ ಎಲೆಯ ಮೇಲೆ ಅಡ್ಡಗೆರೆ. ಕೆಳಗೆ 'ಇಲ್ಲಿ ಹೊಗೆಸೊಪ್ಪಿಗೆ ಜಾಗವಿಲ್ಲ' ಎಂದಿತ್ತು.

ಅಂದು ಬುಧವಾರ, ಊರಿನ ಹಿರಿಯರಿಗೆ ಕಾಲೇಜಿನಲ್ಲಿ ಊಟದ ದಿನ. ಸೂಪು ಕುಡಿಯಲು ಬಂದ ಮುದುಕಿಯರು ಬಾಗಿಲಲ್ಲೇ ನಿಂತರು. ಒಬ್ಬಳು ಕೋಲಿನಿಂದ ಬೋರ್ಡು ತಟ್ಟಿ, "ಈ ಎಲೆ ನಿಮಗೇನು ಮಾಡಿತ್ರೇ?" ಎಂದು ಕೇಳಿದಳು. ಪ್ರಾರ್ಥನೆಗೆ ಮೊದಲು ನೆಲಕ್ಕಿಡುವ ಎಲೆ, ನೀರಿಗಿಡುವ ಎಲೆ, ಸತ್ತವರ ಜೊತೆ ಕಳಿಸುವ ಎಲೆ ಅದು. ಅದಕ್ಕೇ ಕಾಲೇಜು ಅಡ್ಡಗೆರೆ ಎಳೆದು ಕೂತಿದೆ. ಯಾರೂ ಗಲಾಟೆ ಮಾಡಲಿಲ್ಲ. ಸೂಪು ಬೇಡವೆಂದು ವಾಪಸು ಹೊರಟರು, ಅಷ್ಟೇ. ಅದು ಗಲಾಟೆಗಿಂತ ಜೋರಾಗಿತ್ತು.

ಆರ್ಡಿಸ್ ವ್ಯಾನನ್ನು ಅವರಿಗೆ ಅಡ್ಡ ನಿಲ್ಲಿಸಿ ಕೆಳಗಿಳಿದಳು. "ಅರ್ಧ ಗಂಟೆ ಕೂತ್ಕೊಳಿ ಅಕ್ಕಂದಿರಾ. ಬೋರ್ಡು ಹೋಗತ್ತೆ. ಹೋಗದಿದ್ರೆ ನಾನೇ ನಿಮ್ಮನ್ನ ಮನೆಗೆ ಬಿಟ್ಟು ಬರ್ತೀನಿ."

ಲಿರಾಯ್ ಬೆಳಿಗ್ಗೆ ನೆಟ್ಟ ಹನ್ನೆರಡನ್ನೂ ಮಧ್ಯಾಹ್ನದೊಳಗೆ ಕಿತ್ತ. ಕಿತ್ತ ಪ್ರತಿ ಬೋರ್ಡಿಗೂ ಒಂದೊಂದು ಬೈಗುಳ. ರೋಸ್ಲಿನ್ ಮುಖ ಸಪ್ಪಗೆ ಮಾಡಿಕೊಂಡು ಬಂದಳು.

"ಆ ಪುಸ್ತಕದಲ್ಲಿ ಎರಡೇ ಚಿತ್ರ ಇತ್ತು ಚಿಕ್ಕಮ್ಮ. ಇನ್ನೊಂದು ತಲೆಬುರುಡೆ."

"ತಲೆಬುರುಡೇನೇ ಹಾಕಬೇಕಿತ್ತು. ನಿನ್ನದೇ ಹಾಕಬಹುದಿತ್ತು."

ಚಿತ್ರಕಲೆ ಓದುವ ಹುಡುಗರು ಆ ಬೋರ್ಡುಗಳನ್ನು ತಿರುಗಿಸಿ ಬೆನ್ನಿಗೆ ಹೊಸದಾಗಿ ಬರೆದರು. ಮಾತು ಆರ್ಡಿಸಳದೇ: 'ಸಿಗರೇಟು, ಇ-ಸಿಗರೇಟು, ಅಗಿಯುವ ಹೊಗೆಸೊಪ್ಪಿನ ಡಬ್ಬಿ ಇಲ್ಲಿ ಬೇಡ. ಅಸೆಮಾ ಬರಲಿ.' ಮುದುಕಿಯರು ಓದಿ ತಲೆಯಾಡಿಸಿದರು. ಕೋಲು ಹಿಡಿದವಳು ಮಾತ್ರ, "ಬರಲಿ ಅಂತೀರಿ, ಎಲ್ಲಿಂದ ಬರತ್ತೆ?" ಎಂದು ಕೇಳಿ ಸೂಪಿಗೆ ಕೂತಳು.

ಆ ಪ್ರಶ್ನೆ ಆರ್ಡಿಸಳನ್ನು ಬಿಡಲಿಲ್ಲ. ಏಪ್ರಿಲಿನ ಒಂದು ಶನಿವಾರ ನನ್ನನ್ನೂ ವ್ಯಾನಿಗೆ ಹತ್ತಿಸಿಕೊಂಡು ಸರೋವರದ ಆಚೆ ದಡದ ವಾಲೆಸ್ ಕಿಂಗ್‌ಬರ್ಡ್ ಮನೆಗೆ ಹೊರಟಳು. ವಾಲೆಸನಿಗೆ ಎಂಬತ್ತಮೂರು. ಹಳೆಯ ಹೊಗೆಸೊಪ್ಪಿನ ತಳಿ ಇನ್ನೂ ಬೆಳೆಯುವವನು ನಮ್ಮಲ್ಲಿ ಅವನೊಬ್ಬನೇ. ಅಂಗಳದಲ್ಲಿ ಬಿಸಿಲು ಕಾಯಿಸುತ್ತ ಮೀನಿನ ಬಲೆಯ ತೂತು ಹೊಲಿಯುತ್ತಿದ್ದ.

ಆರ್ಡಿಸ್ ಅವನ ಮುಂದೆ ನಿಂತು ಜೇಬು ತಡಕಿದಳು. ಕೇಳುವ ಮೊದಲು ಏನಾದರೂ ಕೊಡಬೇಕಲ್ಲ. ಕೈಗೆ ಬಂದದ್ದು ಸಿಗರೇಟು ಪ್ಯಾಕು. ಮುಖ ಕೆಂಪಾಯಿತು.

"ವಾಲೆಸ್ ಮಾಮ, ಬೀಜ ಕೇಳೋಕೆ ಬಂದೆ. ಕೊಡೋಕೆ ಇದೇ ಇರೋದು."

ವಾಲೆಸ್ ಒಂದು ಸಿಗರೇಟು ತೆಗೆದು, ಕಾಗದ ಹರಿದು, ಪುಡಿಯನ್ನು ಅಂಗೈಗೆ ಉದುರಿಸಿಕೊಂಡ. "ನಮ್ಮಮ್ಮನೂ ಹೀಗೇ ಮಾಡೋಳು. ನಮ್ಮ ಪೂಜೆಗೆಲ್ಲ ಸರ್ಕಾರ ಅಡ್ಡ ಬರ್ತಿದ್ದ ಕಾಲ ಅದು. ಹಿತ್ತಲಲ್ಲಿ ಗಿಡ ಇದ್ರೆ ಯಾರಾದ್ರೂ ನೋಡ್ತಾರೆ. ಜೇಬಲ್ಲಿ ಸಿಗರೇಟು ಇದ್ರೆ ಯಾರು ಕೇಳ್ತಾರೆ? ಹಾಗೇ ಗಿಡ ಹೋಯ್ತು, ಇದು ಉಳೀತು. ಉಳಿದದ್ದನ್ನ ನಾವು ಸೇದೋಕೆ ಶುರು ಮಾಡಿದ್ವಿ" ಎಂದ. ಪುಡಿಯನ್ನು ನೀರಿನ ಅಂಚಿಗೆ ಹೋಗಿ ಇಟ್ಟು ಬಂದ. ಆಮೇಲೆ ಒಳಗಿಂದ ಕೆಮ್ಮಿನ ಗುಳಿಗೆಯ ಹಳೇ ಡಬ್ಬಿಯೊಂದನ್ನು ತಂದು ಮುಚ್ಚಳ ತೆಗೆದ. ಒಳಗೆ ಕಂದು ಧೂಳು.

"ಇಷ್ಟೇನಾ?" ಎಂದಳು ಆರ್ಡಿಸ್.

"ಇಷ್ಟರಲ್ಲಿ ಸಾವಿರಾರು ಗಿಡ ಇದೆ. ಸೀನಬೇಡ ಹುಡುಗಿ, ನನ್ನ ಹೊಲವೆಲ್ಲ ಹಾರಿ ಹೋಗತ್ತೆ." ಅರ್ಧವನ್ನು ಕಾಗದಕ್ಕೆ ಸುರಿದು ಮಡಿಸಿಕೊಟ್ಟ. "ಒಂದು ಮಾತು. ಸಿಗರೇಟು ಮುಟ್ಟಿದ ಕೈಯಲ್ಲಿ ಸಸಿ ಮುಟ್ಟಬೇಡ. ಅಂಗಡಿ ಎಲೆಯ ರೋಗ ಕೈಯಿಂದ ಅಂಟತ್ತೆ. ಎಲೆ ತುಂಬ ಮಚ್ಚೆ ಬೀಳತ್ತೆ."

"ಸುಮ್ನೆ ನನ್ನನ್ನ ಬಿಡಿಸೋಕೆ ಹೇಳ್ತಿದೀಯ."

"ನಿನ್ನ ಶ್ವಾಸಕೋಶ ತಗೊಂಡು ನಾನೇನು ಮಾಡಲಿ? ನಾನು ಗಿಡದ ವಿಷಯ ಹೇಳ್ತಿರೋದು."

ಸಸಿಗಳು ಎದ್ದದ್ದು ನನ್ನ ಗ್ರಂಥಾಲಯದ ಕಿಟಕಿಯಲ್ಲಿ, ಕತ್ತರಿಸಿದ ಹಾಲಿನ ಡಬ್ಬಗಳೊಳಗೆ. ಆರ್ಡಿಸ್ ಗಂಟೆಗೊಮ್ಮೆ ಬಂದು ನೋಡುವಳು. ನೋಡಿದರೆ ಮುಟ್ಟಬೇಕೆನಿಸುವುದು. ಮುಟ್ಟಬೇಕೆಂದರೆ ಮೊಣಕೈವರೆಗೆ ಸೋಪು ಹಚ್ಚಿ ತೊಳೆಯಬೇಕು. ತೊಳೆದು, ನೋಡಿ, ಹೊರಗೆ ಹೋಗಿ ಒಂದು ಸೇದಿದರೆ ಮತ್ತೆ ತೊಳೆಯಬೇಕು. ಮೇ ಹೊತ್ತಿಗೆ ಅವಳ ಕೈ ಒಣಗಿ ಬಿರುಕು ಬಿಟ್ಟಿತ್ತು. ನರ್ಸಿಂಗ್ ಓದುವ ಟ್ಯಾನಿಸ್ ಎಂಬ ಹುಡುಗಿ ಅದನ್ನು ಕಂಡು, "ಆಪರೇಷನ್ ಮಾಡೋ ಡಾಕ್ಟರೂ ಇಷ್ಟು ತೊಳೆಯಲ್ಲ ಚಿಕ್ಕಮ್ಮ" ಎಂದಳು. ದಿನಕ್ಕೆ ಇಪ್ಪತ್ತು ಸಿಗರೇಟು ಹತ್ತಾಯಿತು, ಹತ್ತು ನಾಲ್ಕಾಯಿತು. ಮನಸ್ಸು ಗಟ್ಟಿ ಮಾಡಿದ್ದರಿಂದಲ್ಲ, ಕೈ ತೊಳೆಯುವ ಬೇಸರದಿಂದ.

ಜೂನ್ ಮೊದಲ ವಾರ, ಹಿಮ ಬೀಳುವ ಭಯ ಕಳೆದ ಮೇಲೆ, ಮೆಟ್ಟಿಲ ಪಕ್ಕದ ಬಿಸಿಲು ಬೀಳುವ ಜಾಗದಲ್ಲಿ ಲಿರಾಯ್ ನೆಲ ಅಗೆದುಕೊಟ್ಟ. ಮೂವತ್ತಾರು ಸಸಿ ನೆಟ್ಟರು. ಆರ್ಡಿಸ್ ಪ್ಯಾಕಿನಲ್ಲಿ ಉಳಿದಿದ್ದ ಸಿಗರೇಟುಗಳನ್ನು ಲಿರಾಯ್‌ನ ಜೇಬಿಗೆ ತುರುಕಿ, "ಇನ್ನು ಮುಗೀತು" ಎಂದಳು.

ಮುಗಿಯಿತು ಎಂದದ್ದು ಅವಳು. ಅನುಭವಿಸಿದವರು ವ್ಯಾನಿನಲ್ಲಿ ಕೂತವರು. ಜೂನ್ ಪೂರ್ತಿ ಆರ್ಡಿಸ್ ಉಪ್ಪಿನಲ್ಲಿ ಹಾಕಿದ ಸೌತೆಕಾಯಿ ತಿನ್ನುತ್ತ ಓಡಿಸಿದಳು. ವ್ಯಾನಿನ ತುಂಬ ಹುಳಿ ವಾಸನೆ. ಹಿಂದಿನ ಸೀಟಿನವರು ಮಾತಾಡಿದರೆ ಬೈಗುಳ, ಸುಮ್ಮನಿದ್ದರೆ "ನನ್ನ ಮೇಲೆ ಏನು ಕೋಪ ನಿಮಗೆ?" ಎಂದು ಬೈಗುಳ. ರಸ್ತೆಗೆ ಅಡ್ಡ ಬಂದ ಆಮೆಯನ್ನೂ ಬೈದಳು, ಆಮೇಲೆ ಇಳಿದು ಅದನ್ನು ಎತ್ತಿ ಆಚೆ ಬದಿಗೆ ಬಿಟ್ಟಳು. ಕಡೆಗೆ ಹುಡುಗರೆಲ್ಲ ಸೇರಿ ಒಂದು ಪ್ಯಾಕು ತಂದು ಅವಳ ಸೀಟಿನ ಮೇಲಿಟ್ಟರು. ಚೀಟಿಯಲ್ಲಿ 'ದಯವಿಟ್ಟು' ಎಂದಷ್ಟೇ ಇತ್ತು. ಅದನ್ನು ಓದಿ ಅವಳು ನಕ್ಕ ನಗುವಿಗೆ ವ್ಯಾನೇ ಅಲುಗಾಡಿತಂತೆ. ಪ್ಯಾಕು ಕಸಕ್ಕೆ ಹೋಯಿತು. ಬೈಗುಳವೂ ಅಲ್ಲಿಂದ ಕಡಿಮೆಯಾಯಿತು.

ಜುಲೈ ಮಧ್ಯದಲ್ಲಿ ಒಂದು ಮಧ್ಯಾಹ್ನ ವ್ಯಾನು ಕಾಲೇಜಿನ ಹಿಂಬಾಗಿಲಲ್ಲೇ ಕೆಟ್ಟು ನಿಂತಿತು. ಎಳೆದೊಯ್ಯುವ ಲಾರಿ ಬರಲು ಮೂರು ಗಂಟೆ ಎಂದರು. ಬಿಸಿಲು, ಸೊಳ್ಳೆ. ಮನೆಗೆ ಹೋಗಬೇಕಾದವರೆಲ್ಲ ಅವಳನ್ನೇ ನೋಡುತ್ತಿದ್ದಾರೆ. ಆರ್ಡಿಸ್ ಲಿರಾಯ್ ಹತ್ತಿರ ಹೋಗಿ ಕೈಚಾಚಿದಳು. ಅವನು ಒಂದು ಸಿಗರೇಟು ಕೊಟ್ಟ. ಮೆಟ್ಟಿಲ ಮೇಲೆ ಕೂತು ಸೇದಿದಳು. ಸೇದಿ ಮುಗಿಸಿ, ಕೈಗೆ ಏನಾದರೂ ಕೆಲಸ ಬೇಕೆನಿಸಿ, ಗಿಡಗಳ ತುದಿಯ ಹಳದಿ ಮೊಗ್ಗು ಚಿವುಟಲು ನಿಂತಳು. ಕೈ ತೊಳೆಯುವುದು ನೆನಪಿಗೆ ಬರಲಿಲ್ಲ.

ಟ್ಯಾನಿಸ್ ಬಾಗಿಲಲ್ಲಿ ನಿಂತು ಎಲ್ಲ ನೋಡಿದ್ದಳು. "ಚಿಕ್ಕಮ್ಮ, ಆ ಬೋರ್ಡಲ್ಲಿರೋದನ್ನ ಬರೆಸಿದ್ದು ನೀನೇ ಅಲ್ವಾ?"

"ಕನ್ನಡಕ ಮನೇಲಿ ಬಿಟ್ಟು ಬಂದೆ ಕಣೇ."

ಇಬ್ಬರೂ ನಕ್ಕರು. ಆದರೆ ಎರಡು ವಾರ ಕಳೆಯುವಷ್ಟರಲ್ಲಿ ಅವಳು ಮುಟ್ಟಿದ್ದ ಸಾಲಿನ ನಾಲ್ಕು ಗಿಡಗಳ ಎಲೆ ಸುಕ್ಕಾಗಿ, ತಿಳಿಹಳದಿ ಮಚ್ಚೆ ಎದ್ದವು. ವಾಲೆಸ್ ಬಂದು ನೋಡಿ, "ಕಿತ್ತುಬಿಡು, ಇಲ್ಲದಿದ್ರೆ ಉಳಿದವಕ್ಕೂ ಹರಡತ್ತೆ" ಎಂದ. ಆರ್ಡಿಸ್ ನಾಲ್ಕನ್ನೂ ಬೇರು ಸಮೇತ ಕಿತ್ತು ದೂರ ಒಯ್ದು ಸುಟ್ಟಳು. ಅಂದು ವ್ಯಾನಿನಲ್ಲಿ ಯಾರನ್ನೂ ಬೈಯಲಿಲ್ಲ. ನಾನು ಇಳಿಯುವಾಗ ಒಂದೇ ಮಾತು ಹೇಳಿದಳು: "ನನಗೆ ಕೆಮ್ಮು ಬಂದಿದ್ರೆ ಇಷ್ಟು ಬೇಜಾರಾಗ್ತಿರಲಿಲ್ಲ."

ಸೆಪ್ಟೆಂಬರಿನಲ್ಲಿ ನಿಯಮ ಊರಿನ ಪಂಚಾಯಿತಿಯ ಮುಂದೆ ಬಂತು. ಕಾಲೇಜಿನ ಆಟದ ಹಾಲ್‌ನಲ್ಲಿ ಸಭೆ. ಎಣ್ಣೆಯಲ್ಲಿ ಕರಿದ ರೊಟ್ಟಿ, ಜಿಂಕೆ ಮಾಂಸದ ಸಾರು ಇದ್ದುದರಿಂದ ಜನ ತುಂಬಿದ್ದರು. ಆರೋಗ್ಯ ಕಚೇರಿಯವರು ನಿಯಮಗಳನ್ನು ಓದಿದರು. ಎಲ್ಲಕ್ಕೂ ತಲೆಯಾಡಿತು. ಕೊನೆಯದೊಂದನ್ನು ಬಿಟ್ಟು: ಹಿಂಬಾಗಿಲಿಗೆ ಬೀಗ ಹಾಕಿ ಮೆಟ್ಟಿಲು ತೆಗೆಸಬೇಕು, ಸೇದುವವರು ಗುಂಪು ಸೇರುವುದೇ ಅಲ್ಲಿ ಎಂದಿತ್ತು.

ಲಿರಾಯ್ ಎದ್ದು ನಿಂತ. ಮೂವತ್ತು ವರ್ಷದಲ್ಲಿ ಅವನು ಸಭೆಯಲ್ಲಿ ಮಾತಾಡಿದ್ದು ಅದೇ ಮೊದಲು. "ನಮ್ಮಣ್ಣ ಸತ್ತಾಗ ನಾನು ಮನೇಲಿ ಅಳಲಿಲ್ಲ. ಆ ಮೆಟ್ಟಿಲ ಮೇಲೆ ಕೂತು ಅತ್ತೆ" ಎಂದು ಹೇಳಿ ಹಾಗೇ ಕೂತುಬಿಟ್ಟ.

ಆರ್ಡಿಸ್ ರೊಟ್ಟಿಯ ಎಣ್ಣೆ ಪ್ಯಾಂಟಿಗೆ ಒರೆಸಿಕೊಳ್ಳುತ್ತ ಮೈಕಿನ ಹತ್ತಿರ ಹೋದಳು.

"ನಾನು ಈ ಸಮಿತಿಯ ಮುಂದಾಳು. ಜುಲೈನಲ್ಲಿ ಒಂದು ಸೇದಿದೆ. ಅದರಿಂದ ನಾಲ್ಕು ಗಿಡ ಹೋಯ್ತು. ನನ್ನ ಬಾಯಿಂದಲೇ ಕೇಳಿಬಿಡಿ, ಟ್ಯಾನಿಸ್ ಹೇಳೋ ಮೊದಲು." ಜನ ನಕ್ಕರು. "ನಲವತ್ತೈದು ವರ್ಷ ಸೇದಿದೀನಿ, ಅದರಲ್ಲಿ ಹತ್ತೊಂಬತ್ತು ವರ್ಷ ಆ ಮೆಟ್ಟಿಲ ಮೇಲೆ. ಬಿಟ್ಟ ಮೇಲೂ ದಿನಾ ಹೋಗಿ ಅಲ್ಲೇ ಕೂತೆ. ಕಾಲು ತಾನಾಗೇ ಹೋಗತ್ತೆ. ಯಾಕೆ? ಅಲ್ಲಿ ಜನ ಇರ್ತಾರೆ. ಓದಿನಲ್ಲಿ ತಲೆ ಕೆಟ್ಟ ಮಕ್ಕಳು ಕಾಲೇಜು ಬಿಡೋದಾ ಬೇಡ್ವಾ ಅಂತ ಅಲ್ಲೇ ಕೂತು ಯೋಚಿಸ್ತಾರೆ. ಸಿಗರೇಟು ಹೋಗಲಿ. ಮೆಟ್ಟಿಲು ಇರಲಿ. ಅಲ್ಲೊಂದು ಬೆಂಚು ಹಾಕಿ, ಕಾಫಿ ಇಡಿ, ನಡುವೆ ಬೆಂಕಿಗೆ ಒಂದು ಗುಂಡಿ ತೋಡಿ. ಕಾಫಿ ನಾನು ಕಾಸ್ತೀನಿ."

"ನಿನ್ನ ಕಾಫಿ ಕುಡಿಯೋದಕ್ಕಿಂತ ಸೇದೋದೇ ವಾಸಿ!" ಎಂದು ಹಿಂದಿನಿಂದ ಯಾರೋ ಕೂಗಿದರು.

"ಹಾಗಾದ್ರೆ ಕಾಫಿ ನೀನೇ ಕಾಸು ಬಾ. ಯಾರದು? ಮುಖ ತೋರಿಸು!"

ಕೂಗಿದವಳು ಪಂಚಾಯಿತಿಯ ಸದಸ್ಯೆಯೇ. ಸಿಕ್ಕಿಬಿದ್ದಳು. ಆ ಚಳಿಗಾಲವೆಲ್ಲ ಗುರುವಾರದ ಕಾಫಿ ಅವಳದೇ ಆಯಿತು. ಬೀಗದ ಮಾತು ಹೊಡೆದುಹಾಕಿ, ಉಳಿದ ನಿಯಮಕ್ಕೆ ಎಲ್ಲರೂ ಕೈ ಎತ್ತಿದರು. ಲಿರಾಯ್ ಕೂಡ ಎತ್ತಿದ, ಅರ್ಧ ಕೈ.

ಮಂಜು ಬೀಳುವ ಮುಂಚೆ ಮೂವತ್ತೆರಡು ಗಿಡಗಳ ಎಲೆ ಕೊಯ್ದು ಲಿರಾಯ್‌ನ ಷೆಡ್ಡಿನಲ್ಲಿ ತಲೆಕೆಳಗಾಗಿ ತೂಗುಹಾಕಿದರು. ಒಣಗಿದ ಮೇಲೆ ಆರ್ಡಿಸ್ ಅದನ್ನು ಸಣ್ಣ ಸಣ್ಣ ಗಂಟು ಕಟ್ಟಿದಳು. ಈಗ ಕಾಲೇಜಿನಲ್ಲಿ ಯಾರು ಬೇಕಾದರೂ ನನ್ನ ಮೇಜಿನ ಮೇಲಿನ ಬುಟ್ಟಿಯಿಂದ ತೆಗೆದುಕೊಂಡು ಹೋಗಬಹುದು. ಪರೀಕ್ಷೆಯ ವಾರದಲ್ಲಿ ಬುಟ್ಟಿ ಬೇಗ ಖಾಲಿಯಾಗುತ್ತದೆ.

ಎಲ್ಲರೂ ಬಿಟ್ಟರೆಂದು ಹೇಳಿದರೆ ಸುಳ್ಳಾಗುತ್ತದೆ. ಕೆಲವರು ಹೆದ್ದಾರಿಯ ಅಂಚಿಗೆ ನಡೆದುಹೋಗಿ ಸೇದಿ ಬರುತ್ತಿದ್ದರು, ಈಗಲೂ ಹೋಗುವವರಿದ್ದಾರೆ. ಲಿರಾಯ್ ಒಂದು ಚಳಿಗಾಲ ಹಾಗೆ ಹೋದ. ಎರಡನೆಯ ಚಳಿಗಾಲ, ಸೊನ್ನೆಗಿಂತ ಮೂವತ್ತು ಡಿಗ್ರಿ ಕೆಳಗಿದ್ದ ಒಂದು ಬೆಳಿಗ್ಗೆ, ಅರ್ಧ ದಾರಿ ಹೋಗಿ ವಾಪಸು ಬಂದು ಬೆಂಚಿನ ಮೇಲೆ ಕೂತು ಕಾಫಿ ಕೇಳಿದ. "ನನ್ನನ್ನ ಬಿಡಿಸಿದ್ದು ಆರೋಗ್ಯ ಕಚೇರಿಯೂ ಅಲ್ಲ, ನೀನೂ ಅಲ್ಲ. ಜನವರಿ" ಎಂದು ಈಗಲೂ ಹೇಳುತ್ತಾನೆ.

ನಿಯಮ ಬಂದ ಮರುವರ್ಷ ಆಗಸ್ಟ್ ಕೊನೆಗೆ ಸರೋವರದಲ್ಲಿ, ನೀರಿನಲ್ಲೇ ಬೆಳೆಯುವ ಕಾಡುಭತ್ತ ಬಲಿತಿತ್ತು. ಇಪ್ಪತ್ತು ವರ್ಷದಿಂದ ಆರ್ಡಿಸ್ ದೋಣಿಯ ನಡುವೆ ಕೂತು ಕೋಲಿನಿಂದ ತೆನೆ ಬಡಿದು ದೋಣಿಗೆ ಕಾಳು ಉದುರಿಸುವವಳೇ ಆಗಿದ್ದಳು. ನಿಂತು ಉದ್ದ ಗಳೆ ಊರಿ ದೋಣಿ ತಳ್ಳುವುದಕ್ಕೆ ಅವಳ ಉಸಿರು ಸಾಲುತ್ತಿರಲಿಲ್ಲ. ಆ ಸಲ ಲಿರಾಯ್‌ನ ಕೈಯಿಂದ ಗಳೆ ಕಿತ್ತುಕೊಂಡು, "ಕೂತ್ಕೋ, ಇವತ್ತು ನಾನು ತಳ್ತೀನಿ" ಎಂದಳು. ಮಧ್ಯಾಹ್ನದವರೆಗೆ ತಳ್ಳಿದಳು. ನಾನು ಪಕ್ಕದ ದೋಣಿಯಲ್ಲಿದ್ದೆ. ತೆನೆಯ ಸಂದಿಯಲ್ಲಿ ಅವಳ ತಲೆಯ ಕೆಂಪು ಟೋಪಿ ಒಂದೇ ಸಮನೆ ಮುಂದೆ ಹೋಗುತ್ತಿತ್ತು, ಮಾತು ನಿಂತಿರಲಿಲ್ಲ.

"ಸ್ವಲ್ಪ ನಿಧಾನ ಆರ್ಡಿಸ್, ಬಡಿಯೋಕೆ ಪುರುಸೊತ್ತು ಕೊಡು! ತೆನೆಯೆಲ್ಲ ಹಿಂದೆ ಹೋಗ್ತಿದೆ" ಎಂದ ಲಿರಾಯ್.

"ನಿನ್ನ ಕೈ ನಿಧಾನ. ನನ್ನ ದೋಣಿ ಸರಿಯಾಗೇ ಇದೆ."

"ದೋಣಿ ನನ್ನದು!"

"ಹಾಗಾದ್ರೆ ಇಳಿದು ತಳ್ಳು, ನೀರು ಸೊಂಟದ ತನಕಾನೇ ಇದೆ" ಎಂದಳು ಆರ್ಡಿಸ್, ಗಳೆಯನ್ನು ಇನ್ನೂ ಜೋರಾಗಿ ಊರುತ್ತ.